ಕಾಯಿಲೆ ಇಲ್ಲದ ಮಕ್ಕಳಿಗೂ ಊರಿಡೀ ಆಂಟಿಬಯಾಟಿಕ್ ಕುಡಿಸಿದರೆ ರೋಗಾಣುಗಳು ಔಷಧಕ್ಕೆ ಬಗ್ಗದಂತಾಗುವುದಿಲ್ಲವೇ?

ಆಗುತ್ತವೆ. ಅದರಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ.

ಆಫ್ರಿಕಾದ ಕೆಲವು ಕಡೆ ಐದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಆರು ತಿಂಗಳಿಗೊಮ್ಮೆ ಅಜಿಥ್ರೋಮೈಸಿನ್ ಕುಡಿಸುತ್ತಾರೆಂದು ಓದಿ ನೀವು ಗಾಬರಿಯಾಗಿದ್ದೀರಿ. ‘ನೆಗಡಿಗೆ ಆಂಟಿಬಯಾಟಿಕ್ ನುಂಗಬೇಡಿ ಎಂದು ನಮ್ಮನ್ನು ಗದರಿಸುವವರೇ ಅಲ್ಲಿ ಆಡಿಕೊಂಡಿರುವ ಮಗುವಿಗೆ ಕುಡಿಸುವುದು ಯಾವ ನ್ಯಾಯ’ ಎಂದು ಕೇಳಿದ್ದೀರಿ. ನಾನು ಹಲವು ವರ್ಷ ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ದುಡಿದವಳು. ಇದನ್ನು ಮೊದಲ ಸಲ ಓದಿದಾಗ ನನಗೂ ಸಿಟ್ಟು ಬಂದಿತ್ತು. ಅಂಕಿಅಂಶಗಳನ್ನು ನೋಡಿದ ಮೇಲೆ ಸಿಟ್ಟು ಇಳಿಯಿತು, ಆತಂಕ ಇಳಿಯಲಿಲ್ಲ.

ಶುರುವಾದದ್ದು ಕಣ್ಣಿನ ಕಾಯಿಲೆಯಿಂದ. ಕುರುಡುತನ ತರುವ ಟ್ರಕೋಮಾ ಸೋಂಕನ್ನು ತಡೆಯಲು ಊರಿನವರಿಗೆಲ್ಲ ಅಜಿಥ್ರೋಮೈಸಿನ್ ಹಂಚುವುದು ಹಳೆಯ ಪದ್ಧತಿ. ಇಥಿಯೋಪಿಯಾದಲ್ಲಿ ಹೀಗೆ ಹಂಚಿದ ಊರುಗಳಲ್ಲಿ ಮಕ್ಕಳ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆಯೆಂದು 2009ರಲ್ಲಿ ವರದಿಯಾಯಿತು. ಕಣ್ಣಿಗೆಂದು ಕೊಟ್ಟ ಮದ್ದು ಜೀವ ಉಳಿಸಿತೇ? ಅದನ್ನು ಸರಿಯಾಗಿ ಪರೀಕ್ಷಿಸಲೆಂದೇ ನೈಜರ್, ಮಲಾವಿ ಮತ್ತು ಟಾಂಜಾನಿಯಾಗಳಲ್ಲಿ ‘ಮಾರ್ಡರ್’ ಎಂಬ ದೊಡ್ಡ ಪ್ರಯೋಗ ನಡೆಯಿತು. ಕೆಲವು ಊರುಗಳಿಗೆ ಔಷಧ, ಉಳಿದವಕ್ಕೆ ಔಷಧವಿಲ್ಲದ ಹುಸಿ ದ್ರಾವಣ. ಫಲಿತಾಂಶ 2018ರಲ್ಲಿ ಬಂತು: ಒಂದು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳ ಸಾವು ಒಟ್ಟಾರೆ ಶೇ 13.5ರಷ್ಟು ಕಡಿಮೆ. ನೈಜರ್‌ನಲ್ಲಿ ಶೇ 18ರಷ್ಟು. ಎಂದರೆ ಅಲ್ಲಿ ಸಾವಿರ ಮಕ್ಕಳಿಗೆ ವರ್ಷಕ್ಕೆ ಸುಮಾರು ಐದು ಸಾವು ತಪ್ಪಿತು. ಮಲಾವಿ, ಟಾಂಜಾನಿಯಾಗಳಲ್ಲಿ ಇಳಿಕೆ ತೀರಾ ಅಲ್ಪ. ಮಕ್ಕಳು ಎಲ್ಲಿ ಹೆಚ್ಚು ಸಾಯುತ್ತಿದ್ದರೋ ಅಲ್ಲಿ ಲಾಭ ಎದ್ದು ಕಂಡಿತು.

ಈಗ ನೀವು ಕೇಳಿದ ವಿಷಯ. ನೈಜರ್‌ನಲ್ಲಿ ಎರಡು ವರ್ಷಗಳ ಬಳಿಕ ಮಕ್ಕಳ ಮೂಗಿನ ಹಿಂಭಾಗದಿಂದ, ನ್ಯುಮೋನಿಯಾ ತರಬಲ್ಲ ನ್ಯುಮೋಕಾಕಸ್ ಬ್ಯಾಕ್ಟೀರಿಯಾ ತೆಗೆದು ನೋಡಿದರು. ಅಜಿಥ್ರೋಮೈಸಿನ್ ಗುಂಪಿನ ಔಷಧಗಳಿಗೆ ಬಗ್ಗದವು ಹುಸಿ ದ್ರಾವಣದ ಊರುಗಳಲ್ಲಿ ಶೇ 2.9 ಇದ್ದರೆ, ಔಷಧ ಕೊಟ್ಟ ಊರುಗಳಲ್ಲಿ ಶೇ 12.3 ಇದ್ದವು. ಮೂರು, ನಾಲ್ಕು ವರ್ಷಗಳ ಹೊತ್ತಿಗೆ ಕರುಳಿನಲ್ಲಿ ಪ್ರತಿರೋಧದ, ಎಂದರೆ ಔಷಧಕ್ಕೆ ಬಗ್ಗದ ಗುಣದ, ಜೀನ್‌ಗಳು ಹುಸಿ ದ್ರಾವಣದ ಊರುಗಳಿಗಿಂತ ಏಳು ಪಟ್ಟಿಗೂ ಹೆಚ್ಚು. ಇಥಿಯೋಪಿಯಾದಲ್ಲಿ ಮೂರು ತಿಂಗಳಿಗೊಮ್ಮೆ ಕೊಟ್ಟ ಕಡೆ ಇನ್ನೂ ಭೀಕರ: ಒಂದೇ ವರ್ಷದಲ್ಲಿ ನಿರೋಧಕ ನ್ಯುಮೋಕಾಕಸ್‌ನ ಪ್ರಮಾಣ ಶೇ 3.6ರಿಂದ ಶೇ 46.9ಕ್ಕೆ ಏರಿತ್ತು.

ಇದಕ್ಕೆ ಕಾರಣ ಔಷಧದ ಗುಣದಲ್ಲೇ ಇದೆ. ಅಜಿಥ್ರೋಮೈಸಿನ್ ದೇಹದಿಂದ ಬೇಗ ಹೊರಹೋಗುವುದಿಲ್ಲ. ಅದರ ಮಟ್ಟ ಅರ್ಧಕ್ಕೆ ಇಳಿಯಲು ಸುಮಾರು ಮೂರು ದಿನ ಬೇಕು. ಒಂದೇ ಗುಟುಕಿನಲ್ಲಿ ಕೆಲಸ ಮುಗಿಯುವುದು ಇದರಿಂದಲೇ. ಹಳ್ಳಿಹಳ್ಳಿಗೆ ಹಂಚಲು ಇಷ್ಟು ಸಲೀಸಾದ ಔಷಧ ಸಿಗುವುದು ಅಪರೂಪ. ಆದರೆ ಕೊನೆಗೊಳ್ಳುವ ಹೊತ್ತಿನಲ್ಲಿ ಅದು ಕೊಲ್ಲುವಷ್ಟು ಇರುವುದಿಲ್ಲ, ಸುಮ್ಮನೆ ಕೆಣಕುವಷ್ಟು ಇರುತ್ತದೆ. ದುರ್ಬಲ ಬ್ಯಾಕ್ಟೀರಿಯಾ ಹಿಂದೆ ಸರಿದು, ತಡೆದುಕೊಳ್ಳಬಲ್ಲವು ಖಾಲಿಯಾದ ಜಾಗ ಹಿಡಿಯುತ್ತವೆ. ಊರಿನ ಎಲ್ಲ ಮಕ್ಕಳಲ್ಲೂ ಇದು ಒಂದೇ ವಾರದಲ್ಲಿ ನಡೆಯುವುದರಿಂದ, ಅವಕ್ಕೆ ಪೈಪೋಟಿ ಕೊಡುವ ಹಳೆಯ ತಳಿ ನೆರೆಮನೆಯ ಮಗುವಿನ ಮೂಗಿನಲ್ಲೂ ಉಳಿದಿರುವುದಿಲ್ಲ.

ಹಂಚಿಕೆ ನಿಲ್ಲಿಸಿದರೆ? ಇಳಿಯುತ್ತದೆ. ಇಥಿಯೋಪಿಯಾದ ಇನ್ನೊಂದು ಅಧ್ಯಯನದಲ್ಲಿ ಮುಕ್ಕಾಲು ಪಾಲು ತಲುಪಿದ್ದ ಪ್ರತಿರೋಧ, ನಿಲ್ಲಿಸಿದ ಎರಡು ವರ್ಷಕ್ಕೆ ಐದರಲ್ಲಿ ಒಂದು ಪಾಲಿಗೆ ಬಂತು. ಸಮಾಧಾನದ ಸಂಗತಿಯೇ. ಎಲ್ಲ ರೋಗಾಣುಗಳೂ ಇಷ್ಟು ಸೌಮ್ಯವಲ್ಲ ಎಂಬುದಕ್ಕೆ ಪಪುವಾ ನ್ಯೂ ಗಿನಿಯ ಲಿಹಿರ್ ದ್ವೀಪವಿದೆ. ಅಲ್ಲಿ ಯಾಸ್ ಎಂಬ ಚರ್ಮರೋಗವನ್ನು ಅಳಿಸಲು 2013ರಲ್ಲಿ ಒಂದು ಸುತ್ತು ಎಲ್ಲರಿಗೂ ಔಷಧ ಕೊಟ್ಟರು. ಕಾಯಿಲೆ ಗಣನೀಯವಾಗಿ ಇಳಿದು, ಮತ್ತೆ ತಲೆಯೆತ್ತಿತು. ಮರಳಿದ ಪ್ರಕರಣಗಳಲ್ಲಿ ಕೆಲವು ಅಜಿಥ್ರೋಮೈಸಿನ್‌ಗೆ ಜಗ್ಗಲಿಲ್ಲ.

ಇಷ್ಟಾದರೂ ನನ್ನ ನಿದ್ದೆ ಕೆಡಿಸುವುದು ಅಜಿಥ್ರೋಮೈಸಿನ್‌ನ ಕಥೆಯಲ್ಲ. ಆ ಹಳ್ಳಿಗಳಲ್ಲಿ ನ್ಯುಮೋನಿಯಾ ಆದ ಮಗುವಿಗೆ ಮೊದಲು ಕೊಡುವುದು ಅಮಾಕ್ಸಿಸಿಲಿನ್ ಎಂಬ ಬೇರೆ ಗುಂಪಿನ ಆಂಟಿಬಯಾಟಿಕ್. ಪ್ರತಿರೋಧದ ಜೀನ್‌ಗಳು ಒಂಟಿಯಾಗಿ ಓಡಾಡುವುದಿಲ್ಲ. ಒಂದೇ ಡಿಎನ್‌ಎ ತುಣುಕಿನ ಮೇಲೆ ಬೇರೆ ಬೇರೆ ಔಷಧಗಳ ವಿರುದ್ಧದ ಜೀನ್‌ಗಳು ಜೊತೆಯಾಗಿ ಸಾಗುತ್ತವೆ. ನೈಜರ್‌ನ ನಾಲ್ಕು ವರ್ಷಗಳ ಮಾದರಿಗಳಲ್ಲಿ ಅಮಾಕ್ಸಿಸಿಲಿನ್ ಸೇರಿರುವ ಬೀಟಾ-ಲ್ಯಾಕ್ಟಮ್ ಗುಂಪಿನ ವಿರುದ್ಧದ ಜೀನ್‌ಗಳೂ ಏರುವ ಸೂಚನೆ ಕಂಡಿತು. ಇದು ಮುಂದುವರಿದರೆ ನಾವು ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಮಧ್ಯದ ದಾರಿ ಹಿಡಿಯಿತು: ಎಲ್ಲೆಡೆ ಬೇಡ, ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ, ಸಾವಿರ ಜನನಕ್ಕೆ 60ಕ್ಕಿಂತ ಹೆಚ್ಚು ಶಿಶುಗಳು ಅಥವಾ ಐದು ವರ್ಷದೊಳಗಿನ 80ಕ್ಕಿಂತ ಹೆಚ್ಚು ಮಕ್ಕಳು ಸಾಯುವ ಕಡೆ, 1ರಿಂದ 11 ತಿಂಗಳ ಶಿಶುಗಳಿಗೆ ಮಾತ್ರ ಕೊಡುವುದನ್ನು ಪರಿಗಣಿಸಬಹುದು, ಪ್ರತಿರೋಧದ ಮೇಲೆ ಕಣ್ಣಿಟ್ಟಿರಬೇಕು. ಕಡಿಮೆ ಮಕ್ಕಳು, ಕಡಿಮೆ ಪ್ರತಿರೋಧ ಎಂಬ ಲೆಕ್ಕ. ನನಗದು ಜಾಣತನವೆನಿಸಿತ್ತು. 2024ರಲ್ಲಿ ನೈಜರ್‌ನಿಂದಲೇ ಬಂದ ‘ಅವೆನೀರ್’ ಪ್ರಯೋಗ ಅದನ್ನು ತಲೆಕೆಳಗು ಮಾಡಿತು. ಐದು ವರ್ಷದವರೆಗೆ ಎಲ್ಲ ಮಕ್ಕಳಿಗೂ ಕೊಟ್ಟ ಊರುಗಳಲ್ಲಿ ಸಾವು ಶೇ 14 ಕಡಿಮೆಯಾಯಿತು. ಶಿಶುಗಳಿಗಷ್ಟೇ ಕೊಟ್ಟ ಕಡೆ ಸ್ಪಷ್ಟ ಲಾಭ ಕಾಣಲಿಲ್ಲ. ಶಿಶುವಿಗೆ ಸೋಂಕು ತರುವುದು ಅಕ್ಕ, ಅಣ್ಣಂದಿರೇ ಇರಬೇಕು. ಅವರನ್ನು ಬಿಟ್ಟು ಶಿಶುವಿಗೊಂದೇ ಕುಡಿಸಿದರೆ ಸಾಲದು ಎಂದು ನನ್ನ ಊಹೆ.

ನನ್ನ ನಿಲುವು ಕೇಳಿದ್ದೀರಿ. ಮಕ್ಕಳು ಆ ಪ್ರಮಾಣದಲ್ಲಿ ಸಾಯುವ ಕಡೆ ಕೊಡಲಿ, ಉಳಿದ ಕಡೆ ಬೇಡವೇ ಬೇಡ. ಕೊಡುವ ಕಡೆಯೂ ಮೂಗು, ಕರುಳುಗಳ ಮಾದರಿ ಎಣಿಸಿ ತೃಪ್ತರಾಗಬಾರದು. ಚಿಕಿತ್ಸಾಲಯಕ್ಕೆ ಬಂದ ನ್ಯುಮೋನಿಯಾದ ಮಗು ಅಮಾಕ್ಸಿಸಿಲಿನ್‌ಗೆ ಮೊದಲಿನಂತೆಯೇ ಗುಣವಾಗುತ್ತಿದೆಯೇ ಎಂಬುದನ್ನು ವರ್ಷ ವರ್ಷವೂ ದಾಖಲಿಸಬೇಕು. ನನಗೆ ಬೇಕಾದ ಅಂಕಿ ಅದು.

ಇನ್ನು ನಿಮ್ಮ ನೆಗಡಿ. ಅದು ವೈರಸ್‌ನಿಂದ ಬರುವುದು, ಆಂಟಿಬಯಾಟಿಕ್‌ನಿಂದ ನಿಮಗೆ ಸಿಗುವ ಲಾಭ ಸೊನ್ನೆ. ನೈಜರ್‌ನ ತಾಯಿಗೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಮಗುವಿನ ಜೀವವಾದರೂ ಇದೆ. ವೈದ್ಯರು ನಿಮ್ಮನ್ನು ಗದರಿಸಿದ್ದು ಸರಿಯಾಗಿಯೇ ಇದೆ.