ಹುಲ್ಲುಗಾವಲಿನ ಚೋರಟೆಗಳು ಎಲ್ಲಿಗೆ ಹೋದವು?

ಪ್ರಶ್ನೆ: ದಿನವೂ ಬೆಳಿಗ್ಗೆ ಒಂದು ಹುಲ್ಲುಗಾವಲಿನಲ್ಲಿ ನಡೆದಾಡುತ್ತೇನೆ. ಮೊದಲ ಮಳೆ ಬಿದ್ದ ವಾರ ಕಾಲಿಡಲು ಜಾಗವಿಲ್ಲದಷ್ಟು ಚೋರಟೆಗಳು, ಅಂದರೆ ಸಹಸ್ರಪದಿಗಳು, ಇದ್ದವು. ಎರಡು ತಿಂಗಳಾಗುವಷ್ಟರಲ್ಲಿ ಹುಡುಕಿದರೂ ಒಂದು ಕಾಣುತ್ತಿಲ್ಲ. ಇಷ್ಟು ಬೇಗ ಎಲ್ಲವೂ ಸತ್ತುಹೋದವೇ?

ಉತ್ತರ: ಕೆಲವು ಸತ್ತಿರಬಹುದು. ಉಳಿದವು ನಿಮ್ಮ ಚಪ್ಪಲಿಯಿಂದ ಒಂದು ಗೇಣು ಕೆಳಗೆ ಮಣ್ಣಿನಲ್ಲಿವೆ. ಇಷ್ಟು ಧೈರ್ಯವಾಗಿ ಹೇಳಲು ಕಾರಣವಿದೆ: ನೀವು ಮನಸ್ಸಿನಲ್ಲಿ ಹಾಕಿದ ತಪ್ಪು ಲೆಕ್ಕವನ್ನೇ ನಾನು ನೋಟುಪುಸ್ತಕದಲ್ಲಿ ಗೆರೆ ಎಳೆದು, ದಿನಾಂಕ ಹಾಕಿ ಮಾಡಿದ್ದೆ.

ಸಹಸ್ರಪದಿಗಳನ್ನು ಎಣಿಸಲು ಸುಲಭದ ಉಪಾಯವೆಂದರೆ ಗುಂಡಿಬೋನು. ಪ್ಲಾಸ್ಟಿಕ್ ಲೋಟವನ್ನು ಅದರ ಅಂಚು ನೆಲಕ್ಕೆ ಸಮನಾಗುವಂತೆ ಹೂಳಬೇಕು. ರಾತ್ರಿಯೆಲ್ಲ ಬಿಟ್ಟು, ಬೆಳಿಗ್ಗೆ ಒಳಗೆ ಬಿದ್ದವನ್ನು ಎಣಿಸಿ ಹೊರಗೆ ಬಿಡಬೇಕು. ಮಳೆಯ ಆರಂಭದಲ್ಲಿ ನನ್ನ ಲೋಟಗಳು ತುಂಬಿದವು, ಆಮೇಲೆ ಅರ್ಧಕ್ಕಿಳಿದವು, ಬೇಸಿಗೆಯಲ್ಲಿ ಬರಿದಾದವು. ‘ಸಂಖ್ಯೆ ಕುಸಿದಿದೆ’ ಎಂದು ಷರಾ ಬರೆದು ಪುಸ್ತಕ ಮುಚ್ಚಿದೆ. ಲೋಟಗಳನ್ನು ಕಿತ್ತು ತರಲು ಹೋದ ದಿನ ಒಂದು ಲೋಟ ಒಣ ಮಣ್ಣಿನಲ್ಲಿ ಬಿಗಿಯಾಗಿ ಕೂತುಬಿಟ್ಟಿತ್ತು. ಪಕ್ಕದ ಹುಲ್ಲಿನ ಬುಡವನ್ನೇ ಗುದ್ದಲಿಯಿಂದ ಎಬ್ಬಿಸಿದೆ. ಬೇರುಗಳ ಗಂಟಿನ ಕೆಳಗೆ, ಒಳಗೋಡೆ ನುಣುಪಾದ ಪುಟ್ಟ ಪುಟ್ಟ ಗೂಡುಗಳಲ್ಲಿ, ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಕೊಂಡು ಏಳು ಮಲಗಿದ್ದವು. ಒಂದರ ಮೇಲೆ ಮೆಲ್ಲಗೆ ಬಾಯಿಯಿಂದ ಊದಿದೆ. ಕುಡಿಮೀಸೆಯ ತುದಿ ಅಲುಗಿತು, ಮತ್ತೆ ಒಳಸೇರಿತು. ಬರಿದಾದ ಲೋಟಕ್ಕೂ ಅವುಗಳಿಗೂ ನಡುವೆ ನಾಲ್ಕು ಬೆರಳಿನ ಅಂತರವಿತ್ತು.

ಲೋಟಕ್ಕೆ ಬೀಳಬೇಕಾದರೆ ಪ್ರಾಣಿ ನಡೆಯಬೇಕು, ವಿಷಯ ಇಷ್ಟೇ. ಇರುವವು ಕೆಲವೇ ಆದರೂ ರಾತ್ರಿಯೆಲ್ಲ ಅಲೆದರೆ ಲೋಟ ತುಂಬುತ್ತದೆ. ನೆಲದೊಳಗೆ ಕಿಕ್ಕಿರಿದಿದ್ದು ಕದಲದೆ ಮಲಗಿದ್ದರೆ ಬರಿದಾಗಿರುತ್ತದೆ. ಬೆಳಗಿನ ನಡಿಗೆಯಲ್ಲಿ ನಿಮ್ಮ ಕಣ್ಣು ಮಾಡುವುದೂ ಲೋಟದ ಕೆಲಸವನ್ನೇ. ನಿಜವಾದ ಸಂಖ್ಯೆ ಬೇಕೆಂದರೆ ನೆಲದ ಮೇಲೆ ಚೌಕ ಗುರುತಿಸಿ, ಅಷ್ಟು ಮಣ್ಣನ್ನು ಅಗೆದು, ಜರಡಿ ಹಿಡಿಯಬೇಕು. ಬೆನ್ನು ನೋಯುವ ಕೆಲಸ. ಹಾಗಾಗಿ ಎಲ್ಲರೂ ಲೋಟವನ್ನೇ ನೆಚ್ಚುತ್ತಾರೆ.

ನಡೆಯಲು ಅವಕ್ಕೆ ತೇವ ಬೇಕು. ಕೀಟಗಳ ಮೈಯ ನೀರನ್ನು ಹಿಡಿದಿಡುವ ಮೇಣದಂಥ ಲೇಪ ಬಹುತೇಕ ಸಹಸ್ರಪದಿಗಳಲ್ಲಿ ಸರಿಯಾಗಿಲ್ಲ. ಉಸಿರಾಟದ ರಂಧ್ರಗಳನ್ನು ಗಟ್ಟಿಯಾಗಿ ಮುಚ್ಚಿಕೊಳ್ಳಲೂ ಆಗದು. ಕಾಡಿನಲ್ಲಾದರೆ ನೆರಳೂ ದಪ್ಪ ತರಗೆಲೆಯೂ ಕಾಯುತ್ತವೆ. ಹುಲ್ಲುಗಾವಲಿನಲ್ಲಿ ಬಿಸಿಲು ನೇರವಾಗಿ ನೆಲಕ್ಕೇ ಬೀಳುತ್ತದೆ. ಆದ್ದರಿಂದ ಅಲ್ಲಿ ಅವುಗಳ ಬದುಕು ಹುಲ್ಲಿನ ಬುಡ, ಕಲ್ಲಿನಡಿ, ಸಗಣಿಯ ಕೆಳಭಾಗ, ಮಣ್ಣಿನ ಬಿರುಕು ಇಷ್ಟರಲ್ಲೇ ನಡೆಯುತ್ತದೆ. ಮಳೆ ಹಿಡಿದ ಕೆಲವು ವಾರಗಳಲ್ಲಿ ತಿನ್ನುವುದು, ಜೊತೆ ಹುಡುಕುವುದು, ಮೊಟ್ಟೆಯಿಡುವುದು ಎಲ್ಲ ಮುಗಿಯಬೇಕು. ನೀವು ಕಂಡ ಜಾತ್ರೆ ಅದೇ.

ಜಾತ್ರೆ ಮುಗಿದ ಮೇಲೆ ಮೊಟ್ಟೆಯೊಡೆದು ಮರಿಗಳು ಬರುತ್ತವೆ. ಹುಟ್ಟಿದ ಮರಿಗೆ ಸಾಮಾನ್ಯವಾಗಿ ಮೂರೇ ಜೊತೆ ಕಾಲು; ಪೊರೆ ಬಿಟ್ಟಂತೆಲ್ಲ ಮೈಗೆ ಬಳೆಗಳೂ ಬಳೆಗಳಿಗೆ ಕಾಲುಗಳೂ ಸೇರುತ್ತವೆ. ಬಿಳಿ ದಾರದ ತುಂಡಿನಂಥ ಈ ಮರಿಗಳು ಮಣ್ಣಿನಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ತಲೆಯೆಣಿಕೆ ಅತಿ ಹೆಚ್ಚಾಗಿರುವುದು ಬಹುಶಃ ಆಗಲೇ, ‘ಎಲ್ಲವೂ ಸತ್ತವು’ ಎಂದು ನಮಗನ್ನಿಸುವ ಹೊತ್ತಿನಲ್ಲಿ. ದೊಡ್ಡವೂ ಪೊರೆ ಬಿಡಲು ಗೂಡಿನೊಳಗೆ ಮುಚ್ಚಿಕೊಳ್ಳುತ್ತವೆ; ಹಲವು ತಾವು ಕಳಚಿದ ಪೊರೆಯನ್ನೇ ತಿಂದು ಅದರ ಸುಣ್ಣದ ಅಂಶವನ್ನು ಮರಳಿ ಪಡೆಯುತ್ತವೆ.

ನಿಜವಾಗಿ ಸತ್ತವುಗಳ ಗುರುತು ಬೇಕಾದರೆ ಬೇಸಿಗೆಯಲ್ಲಿ ಹುಲ್ಲಿನ ಬುಡ ಕೆದಕಿ. ಬಿಸಿಲಿಗೆ ಬೆಳ್ಳಗಾದ ಉಂಗುರಗಳು ಸಿಗುತ್ತವೆ. ಬೆರಳಿನಲ್ಲಿ ಒತ್ತಿದರೆ ಮೊಟ್ಟೆಯ ಚಿಪ್ಪಿನಂತೆ ಚಟ್ಟೆಂದು ಒಡೆಯುತ್ತವೆ.

ಪ್ರಶ್ನೆ: ಇವು ಕಚ್ಚುತ್ತವೆಯೇ? ಔಷಧ ಹೊಡೆಯಬೇಕೇ?

ಉತ್ತರ: ಕಚ್ಚುವುದು ಜರಿ, ಅದು ಬೇರೆ ಪ್ರಾಣಿ. ಚೋರಟೆ ಸುರುಳಿಯಾಗುತ್ತದೆ, ತೀರಾ ಕೆಣಕಿದರೆ ಮೈ ಬದಿಯಿಂದ ಕಟುವಾಸನೆಯ ದ್ರವ ಒಸರುತ್ತದೆ. ಕೆಲವು ಜಾತಿಗಳ ದ್ರವ ತಾಗಿದರೆ ಚರ್ಮದ ಮೇಲೆ ಕಂದು ಕಲೆ ಕೆಲವು ದಿನ ಉಳಿಯುತ್ತದೆ. ಕೈ ತೊಳೆಯುವವರೆಗೆ ಕಣ್ಣುಜ್ಜಬೇಡಿ. ಔಷಧ ಬೇಡವೇ ಬೇಡ: ಒಣಹುಲ್ಲು, ಸಗಣಿ ತಿಂದು ಮಣ್ಣಾಗಿಸುವವರನ್ನು ಕೊಂದು ಏನು ಸಾಧಿಸುತ್ತೀರಿ?

ಪ್ರಶ್ನೆ: ನಿಜವಾಗಿ ಸಾವಿರ ಕಾಲು ಇವೆಯೇ?

ಉತ್ತರ: ಬಹುತೇಕ ಜಾತಿಗಳಿಗೆ ಕೆಲವು ನೂರರೊಳಗೆ. ಹೆಸರಿಗೆ ತಕ್ಕ ಸಹಸ್ರಪದಿಯನ್ನು ವಿಜ್ಞಾನಿಗಳು ವಿವರಿಸಿದ್ದು 2021ರಲ್ಲಿ: 1306 ಕಾಲು, ಕಣ್ಣಿಲ್ಲ. ಸಿಕ್ಕಿದ್ದು ಪಶ್ಚಿಮ ಆಸ್ಟ್ರೇಲಿಯಾದಲ್ಲಿ, ಖನಿಜ ಹುಡುಕಲು ಕೊರೆದಿದ್ದ ರಂಧ್ರದಲ್ಲಿ, ಸುಮಾರು 60 ಮೀಟರ್ ಆಳದಲ್ಲಿ. ನನ್ನ ಗುದ್ದಲಿ ಅಷ್ಟು ದೂರ ಹೋಗದು.