ಕಲ್ಯಾಣಿ ಹಾಡಿ ಕೃತಿ ಬಿಟ್ಟರೆ?

(ಓದುಗರೊಬ್ಬರ ಪತ್ರ: ‘ಗಾಯಕರು 25 ನಿಮಿಷ ಕಲ್ಯಾಣಿ ರಾಗದ ಆಲಾಪನೆ ಮಾಡಿದರು. ಪಿಟೀಲಿನವರು ತಮ್ಮ ಸರದಿಗೆ ಕಮಾನು ಎತ್ತುವಷ್ಟರಲ್ಲಿ ಬೇರೆ ರಾಗದ ಪುಟ್ಟ ಕೃತಿ ಶುರು! ಪಾಪ, ಅವರು ಕಮಾನು ಇಳಿಸಿದರು. ಕಲ್ಯಾಣಿಯ ಕೃತಿ ಬರಲೇ ಇಲ್ಲ. ಸಂಪ್ರದಾಯದ ಜೊತೆ ಹೀಗೆ ಆಟ ಆಡಬಹುದೇ?’)

ಆಡಬಹುದು. ನಿಮಗೆ ಸಿಟ್ಟು ಬಂತಲ್ಲ, ಆಟದ ಗುಟ್ಟು ಅದರಲ್ಲೇ ಇದೆ. ಆಲಾಪನೆ, ಅಂದರೆ ತಾಳವಿಲ್ಲದ ರಾಗ ವಿಸ್ತಾರ, ಆದಮೇಲೆ ಅದೇ ರಾಗದ ಕೃತಿ ಬರುತ್ತದೆ ಅಂತ ಗೊತ್ತಿಲ್ಲದವರು ಅವತ್ತು ಸುಮ್ನೆ ಕೇಳಿ ಎದ್ದು ಹೋಗಿರುತ್ತಾರೆ. ಪದ್ಧತಿ ನಿಮ್ಮ ಕಿವಿಯಲ್ಲಿ ಕೂತಿತ್ತು, ಅದಕ್ಕೇ ಚುಚ್ಚಿತು.

ಆಸ್ಟ್ರಿಯಾದ ಸಂಗೀತ ರಚನಕಾರ ಜೋಸೆಫ್ ಹೈಡನ್ 1781ರಲ್ಲಿ ನಾಲ್ಕು ತಂತಿವಾದ್ಯಗಳಿಗೆ ಬರೆದ ಒಂದು ಸ್ಟ್ರಿಂಗ್ ಕ್ವಾರ್ಟೆಟ್‌ಗೆ ‘ಜೋಕ್’ ಅಂತಲೇ ಹೆಸರು. ಕೊನೆಯಲ್ಲಿ ಮುಖ್ಯ ಧಾಟಿಯನ್ನು ನಾಲ್ಕು ತುಂಡು ಮಾಡಿ ನಡುನಡುವೆ ಮೌನ ಇಡುತ್ತಾನೆ. ನಾಲ್ಕೂ ತುಂಡು ಮುಗಿದವು, ಇನ್ನು ಚಪ್ಪಾಳೆ ತಟ್ಟೋಣ ಅನ್ನುವಾಗ ಇನ್ನೂ ಉದ್ದದ ಮೌನ. ಆಮೇಲೆ ಮೊದಲ ತುಂಡು ಮೆಲ್ಲಗೆ ಮತ್ತೆ ಬರುತ್ತದೆ. ಅಷ್ಟೇ, ಮುಗೀತು. ಶುರುವಿನ ಸಾಲೇ ಕೊನೆಯ ಸಾಲು! ಚಪ್ಪಾಳೆಗೆ ಎತ್ತಿದ ಕೈ ಅಲ್ಲೇ ನಿಲ್ಲುತ್ತದೆ.

ಇನ್ನು ಸಂಪ್ರದಾಯದ ಮಾತು. ಈಗಿನ ಕಛೇರಿ ಕ್ರಮವನ್ನು ರೂಢಿಗೆ ತಂದವರು ಗಾಯಕ ಅರಿಯಕುಡಿ ರಾಮಾನುಜ ಅಯ್ಯಂಗಾರ್ (1890–1967) ಅನ್ನುತ್ತಾರೆ. ಕೃತಿಗಳನ್ನು ಕಟ್ಟಿದ ತ್ಯಾಗರಾಜರು 1847ರಲ್ಲೇ ತೀರಿಕೊಂಡರು. ಅಂದರೆ ಕೃತಿಗಳಿಗೇ ಈ ಕ್ರಮಕ್ಕಿಂತ ವಯಸ್ಸು ಜಾಸ್ತಿ. ರಾಗದ ನಿಯಮದ ಮಾತು ಬೇರೆ. ಕಲ್ಯಾಣಿಗೆ ಬೇಕಾದ್ದು ‘ಮ’ ಸ್ವರದ ಮೇಲಿನ ರೂಪ; ಅದನ್ನು ಬಿಟ್ಟು ಕೆಳಗಿನ ರೂಪವಾದ ಶುದ್ಧ ಮಧ್ಯಮ ಹಿಡಿದು ನಿಂತರೆ ಅದು ಕಲ್ಯಾಣಿಯಾಗಿ ಉಳಿಯುವುದಿಲ್ಲ. ಕೃತಿ ಬಿಟ್ಟರೆ ಕಲ್ಯಾಣಿಗೆ ಏನೂ ಆಗುವುದಿಲ್ಲ. ಹಾಗಂತ ರಾಗಲಕ್ಷಣವೂ ಕಲ್ಲಿನ ಗೋಡೆಯಲ್ಲ. ಕಾಂಭೋಜಿ ರಾಗದ್ದು ಕೈಶಿಕಿ ನಿಷಾದ, ಅಂದರೆ ‘ನಿ’ ಸ್ವರದ ಕೆಳಗಿನ ರೂಪ. ಆದರೂ ‘ಸ ನಿ ಪ ದ ಸ’ ಅನ್ನುವಾಗ ಅದರ ಮೇಲಿನ ರೂಪವಾದ ಕಾಕಲಿ ನಿಷಾದ ನುಸುಳುತ್ತದೆ. ಹೊರಗಿನ ಸ್ವರ ಅಂತ ಅದನ್ನು ಓಡಿಸಿ ನೋಡಿ, ಕಾಂಭೋಜಿ ಸಪ್ಪೆಯಾಗುತ್ತದೆ.

ನನ್ನ ತಕರಾರು ಬೇರೆ, ಆ ಇಳಿಸಿದ ಕಮಾನಿನದು. ಹೈಡನ್ ಆಟದಲ್ಲಿ ನುಡಿಸುವ ನಾಲ್ವರಿಗೂ ಮುಂದೇನು ಅಂತ ಗೊತ್ತು, ಬೇಸ್ತು ಬೀಳುವವರು ಕೇಳುಗರು ಮಾತ್ರ. ಇಲ್ಲಿ ಪಿಟೀಲಿನವರಿಗೂ ಮೊದಲೇ ತಿಳಿದಿತ್ತೇ? ಇಲ್ಲದಿದ್ದರೆ, 25 ನಿಮಿಷ ನೆರಳಿನಂತೆ ಹಿಂಬಾಲಿಸಿದವರ ಸರದಿ ಕಿತ್ತುಕೊಂಡ ಹಾಗಾಯ್ತು. ಅದನ್ನು ನಾನು ಆಟ ಅನ್ನುವುದಿಲ್ಲ. ಅವರಿಬ್ಬರ ಕಛೇರಿ ಇನ್ನೊಮ್ಮೆ ಸಿಕ್ಕರೆ ಪಿಟೀಲಿನವರ ಮುಖ ನೋಡಿ ಬಂದು ನನಗೊಂದು ಸಾಲು ಬರೆಯಿರಿ.

– ಸಂಪಾದಕ