ಟ್ರಸ್ (ತ್ರಿಕೋನಗಳಾಗಿ ಜೋಡಿಸಿದ ಕಡ್ಡಿಗಳ ಚೌಕಟ್ಟು) ಸೇತುವೆ ಮಾದರಿಯ ಓರೆ ಕಡ್ಡಿಗಳು ಬಾಗುತ್ತಿರುವುದಕ್ಕೆ ಕಾರಣ
ಬಹುಶಃ ಓರೆ ಕಡ್ಡಿಗಳ ದಿಕ್ಕು ತಿರುಗುಮುರುಗಾಗಿದೆ. ತುಮಕೂರಿನ ಪಾಲಿಟೆಕ್ನಿಕ್ ಪ್ರದರ್ಶನಕ್ಕೆ ಐಸ್‌ಕ್ರೀಂ ಕಡ್ಡಿಗಳಿಂದ ಹಳೆಯ ಹೆದ್ದಾರಿ ಸೇತುವೆಯ ಪ್ರ್ಯಾಟ್ ಟ್ರಸ್ ಮಾದರಿ ಮಾಡುತ್ತಿದ್ದೇನೆ, ಓರೆ ಕಡ್ಡಿಗಳು ಬಾಗುತ್ತಿವೆ ಎಂದಿದ್ದೀರಿ. 1844ರ ಆ ವಿನ್ಯಾಸದಲ್ಲಿ ಓರೆಗಳು ಮೇಲಿನಿಂದ ಸೇತುವೆಯ ನಡುಭಾಗದ ಕಡೆಗೆ ಇಳಿಯಬೇಕು. ಆಗ ಅವುಗಳ ಮೇಲೆ ಬೀಳುವುದು ಎಳೆತ ಮಾತ್ರ, ತೆಳ್ಳಗಿದ್ದರೂ ನಡೆಯುತ್ತದೆ. ಎದುರು ದಿಕ್ಕಿಗೆ ಹಾಕಿದರೆ ಅದು 1840ರ ಹೋವ್ ಟ್ರಸ್; ಅಲ್ಲಿ ಓರೆಗಳು ಒತ್ತಡ ಹೊರುತ್ತವೆ, ಐಸ್‌ಕ್ರೀಂ ಕಡ್ಡಿ ಬಾಗದೆ ಇನ್ನೇನು ಮಾಡೀತು?

ಮೊದಲು ಎರಡೂ ಪಕ್ಕದಲ್ಲಿ ಒಂದೊಂದು ಓರೆ ತೆಗೆದು, ಆ ಜಾಗಕ್ಕೆ ದಾರ ಕಟ್ಟಿ, ನಡುವೆ ಸ್ವಲ್ಪ ಭಾರ ತೂಗಿಬಿಡಿ. ದಾರ ಬಿಗಿದರೆ ದಿಕ್ಕು ಸರಿ, ಜೋಲು ಬಿದ್ದರೆ ತಪ್ಪು. ತಪ್ಪಿದ್ದರೆ ಎಲ್ಲವನ್ನೂ ತಿರುಗಿಸಿ ಅಂಟಿಸಿ. ತುದಿಯ ಎರಡು ಓರೆ ಕಂಬಗಳನ್ನು ಮಾತ್ರ ತಿರುಗಿಸಬೇಡಿ. ಅವು ಒತ್ತಡದವೇ, ಜೋಡಿ ಕಡ್ಡಿ ಹಾಕಿ ದಪ್ಪ ಮಾಡಿ.

ದಿಕ್ಕು ಸರಿಯಿದ್ದೂ ಬಾಗಿದರೆ, ಚಿತ್ರ ನೋಡದೆ ಖಚಿತವಾಗಿ ಹೇಳಲಾರೆ. ಭಾರ ನಡುವಿನಲ್ಲಿರದೆ ಒಂದೇ ತುದಿಯ ಕಡೆಗಿದ್ದರೆ ನಡುವಿನ ಓರೆಗಳಲ್ಲಿ ಎಳೆತ ಒತ್ತಡವಾಗಿ ಬದಲಾಗಬಹುದು. ನಿಜವಾದ ಸೇತುವೆಗಳಲ್ಲಿ ಅಲ್ಲಿ ಗುಣಾಕಾರದ ಚಿಹ್ನೆಯಂತೆ ಎರಡು ಓರೆ ಇಡುವುದು ಅದಕ್ಕೇ. ನೀವೂ ಹಾಗೆ ಮಾಡಿ. ಮೇಲಿನ ಪಟ್ಟಿಗಳು ಪಕ್ಕಕ್ಕೆ ವಾಲದಂತೆ ಅಡ್ಡಕಡ್ಡಿ ಬಿಗಿಯಿರಿ, ಭಾರವನ್ನು ಕೆಳಗಿನ ಕೀಲುಗಳಿಗೇ ತೂಗಿಬಿಡಿ. ಅಂಟು ಒಂದು ರಾತ್ರಿ ಒಣಗಲಿ.